ಕಿಸೆಯೊಳಗಿನ ಎರಡು ಚಾಕುಗಳು

ಇದನ್ನು ಬರೆಯುವಾಗ ನನ್ನ ಎದುರಿಗೆ ಮಡಿಚುವ ಚಾಕುಗಳೆರಡು ಇರುವವು. ಒಂದು, ಶಿರಹಟ್ಟಿಯಲ್ಲಿ ಕುಲಕರ್ಣಿಕೆಯ ದಫ್ತರ ಬರೆಯುತ್ತಿದ್ದ ನಮ್ಮ ಅಜ್ಜನವರದು. ಅದರ ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಒಂದು ಶಿಲುಬೆ, ಮತ್ತು ಇಂಗ್ಲಂಡದ ಶೆಫೀಲ್ಡ್ ಪಟ್ಟಣದ ರಾಜರ್ಸ್ ಎಂಬ ಹೆಸರು. ಸಾಣೆಗೆ ಸವೆದು ಸವೆದು ಅಲಗು ಅರ್ಧದಷ್ಟೇ ಉಳಿದಿದೆ. ಇನ್ನೊಂದು, ನನ್ನ ಮಗಳು ಸ್ವಿಟ್ಜರ್ಲಂಡದಿಂದ ತಂದುಕೊಟ್ಟ ಕೆಂಪು ಹಿಡಿಕೆಯ ವಿಕ್ಟೋರಿನಾಕ್ಸ್. ಮೊನ್ನೆ ರಜೆಗೆ ಬಂದ ಮೊಮ್ಮಗನು ಎರಡನ್ನೂ ಕೈಯಲ್ಲಿ ಹಿಡಿದು, “ಅಜ್ಜಾ, ಇದರಾಗ ಚಲೋದು ಯಾವದು? ಅದನ್ನ ನನಗ ಕೊಡ್ರಿ” ಎಂದನು. ಮೂವತ್ತು ವರುಷ ಪ್ರಶ್ನೆ ಕೇಳುವದರಲ್ಲಿಯೇ ಕಳೆದ ನನಗೆ ಉತ್ತರ ಥಟ್ಟನೆ ಹೊಳೆಯಲಿಲ್ಲ. ಅಲಗಿನ ಗುಣದೋಷವನ್ನು ಹೇಳಬೇಕಾದರೆ ಅದು ಯಾವ ಕೆಲಸಕ್ಕಾಗಿ ಹುಟ್ಟಿತೆಂಬದನ್ನು ಮೊದಲು ತಿಳಿಯಬೇಕಷ್ಟೆ.

ಸಂಸ್ಕೃತದ ‘ಛುರಿಕಾ’ ಶಬ್ದವು ನಮ್ಮಲ್ಲಿ ‘ಸುರಗಿ’ಯಾಯಿತು, ‘ಚೂರಿ’ಯಾಯಿತು. ಎರಡೂ ಶಬ್ದಗಳಲ್ಲಿ ರಕ್ತದ ವಾಸನೆಯುಂಟು. ‘ಚಾಕು’ ಎಂಬದು ಹಾಗಲ್ಲ. ಅದು ಪಾರಸಿಯ ಮಾರ್ಗವಾಗಿ, ದಫ್ತರದ ಕಾಗದಪತ್ರಗಳ ಸಂಗಡ ನಮ್ಮ ಮನೆಯನ್ನು ಹೊಕ್ಕ ಸಾಧು ಶಬ್ದ. ಪಾರಸಿ ಲಿಪಿಕಾರರು ಲೇಖನಿಯನ್ನು ಹೆರೆಯುವ ಚಾಕುವಿಗೆ ‘ಕಲಮ್‌ತರಾಶ್’ ಎನ್ನುತ್ತಿದ್ದರು. ಇಂಗ್ಲಿಷರ ‘ಪೆನ್‌ನೈಫ್’ ಕೂಡ ಇದೇ; ಹಕ್ಕಿಯ ಗರಿಯ ಲೇಖನಿಯನ್ನು ಕತ್ತರಿಸುವ ಚಾಕು. ಕಿಸೆಯ ಚಾಕುವಿನ ಒಂದು ಕುಲವಾದರೂ ಅಕ್ಷರದ ಕುಲವೆಂಬದರಲ್ಲಿ ಸಂಶಯವಿಲ್ಲ.

ದಕ್ಷಿಣದೇಶಕ್ಕೆ ಇದು ಹೊಸದೂ ಅಲ್ಲ. ತಾಳೆಗರಿಯ ಕಾಲದಲ್ಲಿ ಬರೆಯುವ ಕಂಠವನ್ನೂ ಗರಿಯ ಅಂಚನ್ನು ಸವರುವ ಚಿಕ್ಕ ಚಾಕುವನ್ನೂ ಒಂದೇ ಹಿಡಿಕೆಯಲ್ಲಿ ಮಡಿಚಿಡುವ ಉಪಕರಣವಿತ್ತು. ತಮಿಳರು ಅದನ್ನು ‘ಮಡಕ್ಕು ಎಳುತ್ತಾಣಿ’, ಎಂದರೆ ಮಡಿಚುವ ಕಂಠ, ಎಂದು ಕರೆಯುತ್ತಾರೆ. ಒಂದೇ ಹಿಡಿಕೆಯಲ್ಲಿ ಹಲವು ಉಪಕರಣಗಳೆಂಬ ಯುಕ್ತಿಯನ್ನು ಯುರೋಪಖಂಡವು ನಮಗೆ ಕಲಿಸಬೇಕಾಗಿರಲಿಲ್ಲ. ಆದರೆ ನ್ಯಾಯವಾಗಿ ಹೇಳುವದಾದರೆ, ರೋಮನರೂ ಸುಮಾರು ಸಾವಿರದೆಂಟುನೂರು ವರ್ಷಗಳ ಹಿಂದೆ ಚಮಚ, ಮುಳ್ಳು, ಚಾಕು ಕೂಡಿದ ಮಡಿಚುವ ಉಪಕರಣವನ್ನು ಮಾಡಿದ್ದರು.

ಕಾಗದ ಬಂದ ತರುವಾಯ ನಮ್ಮ ಸೀಮೆಯಲ್ಲಿ ಬೋರಿನ ಲೆಕ್ಕಣಿಕೆ ಬಂದಿತು. ಅದನ್ನು ಹೆರೆಯುವ ಬಗೆಯನ್ನು ನಾನು ಪಾಠಶಾಲೆಯಲ್ಲಿ ಗುರುಗಳಿಂದ ಕಲಿತೆನು. ಮೊದಲು ತುದಿಯನ್ನು ಉದ್ದಕ್ಕೆ ಓರೆಯಾಗಿ ಇಳಿಸಬೇಕು. ಆ ಮೇಲೆ ಎರಡೂ ಬದಿಯನ್ನು ಒಳಬಾಗಾಗಿ ಕೆತ್ತಿ ಕೊರಳು ಮಾಡಬೇಕು. ನಡುವೆ ಸೀಳು ಕೊಡಬೇಕು. ಕಟ್ಟಕಡೆಗೆ ಮೊನೆಯನ್ನು ಗಟ್ಟಿಯಾದ ಹಲಗೆಯ ಮೇಲಿಟ್ಟು ಒಂದೇ ಒತ್ತಿಗೆ ಕತ್ತರಿಸಬೇಕು. ಆ ಒಂದು ಒತ್ತು ತಪ್ಪಿತೋ ಮತ್ತೆ ಮೊದಲಿನಿಂದ! ಅಗಲವಾದ ಅಲಗು ಕೊರಳಿನ ಬಾಗಿನಲ್ಲಿ ತಿರುಗುವದಿಲ್ಲ. ತೆಳುವಾದ, ಕಿರಿದಾದ, ಅತಿ ಹರಿತವಾದ ಅಲಗೇ ಬೇಕು. ತಪ್ಪಿದ ಅಕ್ಷರವನ್ನು ಕಾಗದದ ಮೇಲಿಂದ ಕೆರೆದು ತೆಗೆಯುವದಕ್ಕೂ ಇದೇ ಚಾಕು. ಬರೆದುದನ್ನು ಅಳಿಸದ ಅಗ್ಗಳಿಕೆ ತನ್ನದೆಂದ ನಮ್ಮ ಗದಗಿನ ನಾರಣಪ್ಪನಿಗೆ ಈ ಎರಡನೆಯ ಉಪಯೋಗವು ಬೇಕಾಗುತ್ತಿರಲಿಲ್ಲ. ನನ್ನಂಥವನಿಗೆ ಮೊದಲನೆಯದಕ್ಕಿಂತಲೂ ಅದೇ ಹೆಚ್ಚು ಬೇಕಾಗುತ್ತಿತ್ತು.

ಇನ್ನು ಶೆಫೀಲ್ಡಿನ ವಿಷಯ. ರಾಜರ್ಸ್ ಮನೆತನಕ್ಕೆ ನಕ್ಷತ್ರ-ಶಿಲುಬೆಗಳ ಮುದ್ರೆಯು 1764ರಲ್ಲಿ ದೊರಕಿತು. 1822ರಲ್ಲಿ ರಾಜಮನೆತನದ ಚಾಕುಗಾರರೆಂಬ ಮನ್ನಣೆಯೂ ಸಂದಿತು. ಆ ಇಸವಿಯ ಲೆಕ್ಕಕ್ಕೆ ಸರಿಯಾಗಿ 1822 ಅಲಗುಗಳುಳ್ಳ ಒಂದು ಚಾಕುವನ್ನು ಅವರು ಮಾಡಿಟ್ಟರು. ಅದು ಯಾವ ಕಿಸೆಗೂ ಸಲ್ಲದು. ಕೈಚಳಕದ ಡೌಲು, ಅಷ್ಟೆ.

ಆದರೆ ಶೆಫೀಲ್ಡಿನ ಕೀರ್ತಿಗೆ ಹೊಂದಿಕೊಂಡ ಒಂದು ಸಂಗತಿಯನ್ನು ನಮ್ಮವರು ಮರೆತಿರುವರು. 1794ರಲ್ಲಿ ಮುಂಬಯಿಯ ಡಾಕ್ಟರ ಹೆಲೆನಸ್ ಸ್ಕಾಟನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಬ್ಯಾಂಕ್ಸನಿಗೆ ಈ ದೇಶದ ‘ವೂಟ್ಜ್’ ಎಂಬ ಲೋಹದ ತುಣುಕುಗಳನ್ನು ಕಳಿಸಿದನು. ವೂಟ್ಜ್ ಎಂಬದು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಪಂಡಿತರು ಹೇಳುವರು. ಲಂಡನ್ನಿನ ಸ್ಟೋಡಾರ್ಟನೆಂಬ ಕುಶಲ ಚಾಕುಗಾರನು ಅದನ್ನು ಪರೀಕ್ಷಿಸುವದಕ್ಕಾಗಿ ಕಾಯಿಸಿ ಬಡಿದು ಮಾಡಿದ ವಸ್ತು ಖಡ್ಗವಲ್ಲ. ಒಂದು ಲೇಖನಿಯ ಚಾಕು! ಅದರ ಗುಣವು 1795ರಲ್ಲಿ ಆ ಸಭೆಯ ಮುಂದೆ ಓದಲ್ಪಟ್ಟ ಪಿಯರ್ಸನ್ನನ ಪ್ರಬಂಧದಲ್ಲಿ ದಾಖಲಾಯಿತು. ಮುಂದೆ ಇದೇ ಸ್ಟೋಡಾರ್ಟನು ಮೈಕೆಲ್ ಫ್ಯಾರಡೆಯೊಡನೆ ಕೂಡಿ, ನಮ್ಮ ಉಕ್ಕಿನ ಗುಟ್ಟನ್ನು ಹಿಡಿಯಬೇಕೆಂದು ಹೊರಟು, ಬೇರೆ ಬೇರೆ ಲೋಹಗಳನ್ನು ಉಕ್ಕಿಗೆ ಬೆರೆಸಿ ನೋಡಿದನು. ಇತ್ತ ಆ ಉಕ್ಕು ಹುಟ್ಟಿದ ನೆಲದಲ್ಲಿ ಕುಲುಮೆಗಳು ಆರುತ್ತ ಹೋದವು. ನಮ್ಮ ಅಜ್ಜನವರು ಗದಗಿನ ಪೇಟೆಯಲ್ಲಿ ಶೆಫೀಲ್ಡಿನ ಚಾಕುವನ್ನು ಹಣ ಕೊಟ್ಟು ಕೊಂಡರು.

ಅವರು ಕೊಂಡದ್ದು ಚಾಕುವನ್ನೇ, ಕತ್ತಿಯನ್ನಲ್ಲವೆಂಬದಕ್ಕೂ ಇತಿಹಾಸದಲ್ಲಿ ಕಾರಣವುಂಟು. 1857ರ ಶಸ್ತ್ರಗಳ ಕಾಯಿದೆಯ ಮೇರೆಗೆ ಇಂಗ್ರೇಜ ಸರಕಾರವು ಜನರಿಂದ ಆಯುಧಗಳನ್ನು ಕಸಿದುಕೊಳ್ಳತೊಡಗಿತು. ಮುಧೋಳದ ಕಡೆಯ ಹಲಗಲಿಯ ಬೇಡರು ಇದನ್ನು ಒಪ್ಪದೆ ಅದೇ ವರ್ಷದ ನವೆಂಬರದಲ್ಲಿ ಕಾದಿ ಮಡಿದರು. ಮರುವರ್ಷ ನಮ್ಮ ಮುಂಡರಗಿಯ ಭೀಮರಾಯನು ಎದ್ದನು. ಅವನೂ ಹಮ್ಮಿಗಿಯ ಕೆಂಚನಗೌಡನೂ ಕೊಪ್ಪಳದ ಕೋಟೆಯಲ್ಲಿ 1858ರ ಜೂನ್ ಆರಂಭದಲ್ಲಿ ಬಿದ್ದರು. ಆಗ ಗದಗ, ಮುಂಡರಗಿಗಳು ಇಂಗ್ರೇಜರ ಧಾರವಾಡ ಜಿಲ್ಲೆಯಲ್ಲಿಯೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿಯೂ, ಲಕ್ಷ್ಮೇಶ್ವರವು ಮೀರಜ ಸಂಸ್ಥಾನದಲ್ಲಿಯೂ ಇದ್ದವು. ಒಂದು ದಿನದ ನಡಿಗೆಯಲ್ಲಿ ಮನುಷ್ಯನು ಮೂರು ರಾಜ್ಯಗಳನ್ನು ದಾಟಬಹುದಾಗಿತ್ತು. ಯಾವ ಗಡಿಯಲ್ಲಿಯೂ ಯಾರೂ ಕೇಳದೆ ಬಿಟ್ಟ ಉಕ್ಕೆಂದರೆ ಲೆಕ್ಕಣಿಕೆಯ ಚಾಕು ಮತ್ತು ಎಲೆಯಡಿಕೆಯ ಚಂಚಿಯೊಳಗಿನ ಅಡಕೊತ್ತು. ಈಗಿನ 2016ರ ನಿಯಮಗಳಲ್ಲಿಯೂ ಒಂಬತ್ತು ಇಂಚಿಗಿಂತ ಉದ್ದವಾದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗು ಶಸ್ತ್ರವೆನಿಸುವದು. ಮನೆಗೆಲಸ, ಒಕ್ಕಲುತನಗಳ ಉಪಕರಣಗಳಿಗೆ ಮಾತ್ರ ವಿನಾಯಿತಿ. ನನ್ನ ಎರಡೂ ಚಾಕುಗಳು ಈ ಅಳತೆಯ ಸನಿಹಕ್ಕೂ ಬರಲಾರವು.

ಸ್ವಿಟ್ಜರ್ಲಂಡದ ಚಾಕುವಿನ ಜನ್ಮಕಥೆಯು ಇದಕ್ಕೆ ತೀರ ವಿರುದ್ಧ. ಅದು ಸೈನಿಕನ ಕುಲದ್ದು. ಆ ದೇಶದ ಸೈನ್ಯವು 1889ರ ಹೊಸ ಬಂದೂಕನ್ನು ಬಿಚ್ಚಿ ಕೂಡಿಸುವದಕ್ಕೂ ಡಬ್ಬಿಯ ಆಹಾರವನ್ನು ತೆರೆಯುವದಕ್ಕೂ ಸಿಪಾಯಿಗೊಂದು ಚಾಕುವನ್ನು ಕೊಡಬೇಕೆಂದು ನಿಶ್ಚಯಿಸಿತು. ಅಲಗು, ದಬ್ಬಣ, ಡಬ್ಬಿಯ ಕೊಕ್ಕೆ, ತಿರುಪುಮೊಳೆಯ ಸಾಧನ, ಇಷ್ಟೇ ಅದರ ಸರಂಜಾಮು. ವಿನೋದವೇನೆಂದರೆ ಮೊದಲ ಚಾಕುಗಳು ಜರ್ಮನಿಯ ಸೋಲಿಂಗನ್ ಪಟ್ಟಣದಿಂದ ಬಂದವು. 1884ರಲ್ಲಿ ಈಬಾಖ್ ಎಂಬ ಹಳ್ಳಿಯಲ್ಲಿ ಕಾರ್ಯಾಗಾರವನ್ನು ತೆರೆದಿದ್ದ ಕಾರ್ಲ್ ಎಲ್ಸೆನರನಿಗೆ ಇದು ಸಹನವಾಗಲಿಲ್ಲ. ಸ್ವದೇಶದ ಚಾಕುಗಾರರನ್ನು ಕೂಡಿಸಿಕೊಂಡು 1891ರಲ್ಲಿ ತಾನೇ ಸೈನ್ಯಕ್ಕೆ ಚಾಕುಗಳನ್ನು ಒದಗಿಸಿದನು. ನಮ್ಮಲ್ಲಿ ಸ್ವದೇಶೀ ಎಂಬ ಮಾತು ಮೊಳಗುವದಕ್ಕೆ ಕೆಲವು ವರ್ಷ ಮೊದಲಿನ ಮಾತಿದು.

ಸಿಪಾಯಿಯ ಚಾಕು ಭಾರವೆಂದು ಅವನು 1897ರ ಜೂನ್ 12ರಂದು ಅಧಿಕಾರಿಗಳಿಗಾಗಿ ಹಗುರವಾದ ಇನ್ನೊಂದನ್ನು ನೋಂದಾಯಿಸಿದನು. ಒಂದೇ ಕಮಾನು ಬೆನ್ನಿನ ಎರಡೂ ಕಡೆಯ ಉಪಕರಣಗಳನ್ನು ಬಿಗಿದು ಹಿಡಿಯುವಂತೆ ಮಾಡಿದ್ದೇ ಅದರ ಚಮತ್ಕಾರ. 1909ರಲ್ಲಿ ತಾಯಿ ತೀರಿಕೊಂಡಾಗ ಆಕೆಯ ವಿಕ್ಟೋರಿಯಾ ಎಂಬ ಹೆಸರನ್ನೇ ಮುದ್ರೆಯಾಗಿ ಮಾಡಿದನು. 1921ರಲ್ಲಿ ಅದಕ್ಕೆ ‘ಇನಾಕ್ಸ್’, ಎಂದರೆ ತುಕ್ಕುಹಿಡಿಯದ ಉಕ್ಕು, ಎಂಬದು ಸೇರಿತು. ಈ ತುಕ್ಕುಹಿಡಿಯದ ಉಕ್ಕನ್ನು 1913ರಲ್ಲಿ ಕಂಡುಹಿಡಿದವನು ಹ್ಯಾರಿ ಬ್ರೆಯರ್ಲಿ, ಶೆಫೀಲ್ಡಿನವನೇ! ಊರಿನ ಚಾಕುಗಾರರಲ್ಲಿ ಹಲವರು ಅದನ್ನು ಮೊದಮೊದಲು ಸಂಶಯದಿಂದಲೇ ನೋಡಿದರು. ಕೊನೆಗೆ ರಾಜರ್ಸ್ ಕಂಪನಿಯು 1971ರಲ್ಲಿ ತನ್ನ ಹಳೆಯ ಪ್ರತಿಸ್ಪರ್ಧಿಯಾದ ವೋಸ್ಟನ್‌ಹೋಮ್ ಕಂಪನಿಯೊಡನೆ ಒಂದಾಗಿ, ಮುಂದೆ ಕೈಯಿಂದ ಕೈಗೆ ಹೋಯಿತು. ಈಬಾಖಿನ ಮನೆತನದ ಕೆಲಸ ಇಂದಿಗೂ ನಡೆದಿದೆ.

ಈಗ ಎರಡನ್ನೂ ಒರೆಗೆ ಹಚ್ಚೋಣ. ಮಾವಿನಕಾಯಿಯನ್ನು ಹೆಚ್ಚಿದರೆ ಅಜ್ಜನವರ ಅಲಗು ಕಪ್ಪಾಗುವದು, ಹೋಳಿಗೆ ಕಬ್ಬಿಣದ ರುಚಿ ಹತ್ತುವದು. ಒರಸಿ ಎಣ್ಣೆ ಸವರದಿದ್ದರೆ ಮಳೆಗಾಲದಲ್ಲಿ ತುಕ್ಕು ನಿಶ್ಚಿತ. ಕೆಂಪು ಚಾಕುವಿಗೆ ಈ ಮಡಿಮೈಲಿಗೆ ಇಲ್ಲ. ನೂಲು, ಗೋಣಿಯ ದಾರ, ಹಣ್ಣು, ಸಡಿಲಾದ ತಿರುಪುಮೊಳೆ ಎಲ್ಲಕ್ಕೂ ಸಿದ್ಧ. ಅದರ ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಮಾನದಲ್ಲಿ 56ರ ಸುಮಾರು ಇಡುತ್ತಾರೆ. ಅದರಿಂದ ಧಾರೆ ಬೇಗ ಮೊಂಡಾದರೂ ಕಲ್ಲಿಗೆ ನಾಲ್ಕು ಸಲ ತಿಕ್ಕಿದರೆ ಮರಳಿ ಬರುವದು. ಎರಡಕ್ಕೂ ಅಲಗನ್ನು ತಡೆಹಿಡಿಯುವ ಕೊಂಡಿಯಿಲ್ಲ. ಒತ್ತಿ ಚುಚ್ಚಹೋದರೆ ಮಡಿಚಿ ಬೆರಳನ್ನು ಕತ್ತರಿಸುವವು. ದಿನಬಳಕೆಗೆ ಕಿಸೆಯಲ್ಲಿಟ್ಟುಕೊಳ್ಳುವವನಿಗೆ ಸ್ವಿಸ್ ಚಾಕುವೇ ಉತ್ತಮವೆಂದು ಅಭಿಮಾನವನ್ನು ಬದಿಗಿಟ್ಟು ಹೇಳುವೆನು.

ಆದರೆ ಬೋರನ್ನು ಹೆರೆಯಲಿಕ್ಕೆ ಕೂತಾಗ ಕೆಂಪು ಚಾಕು ನನಗೆ ಸೋತಿತು. ಅದರ ದೊಡ್ಡ ಅಲಗು ಕೊರಳಿನ ಬಾಗಿನಲ್ಲಿ ತಿರುಗಲಿಲ್ಲ. ಚಿಕ್ಕ ಅಲಗು ತಿರುಗಿತಾದರೂ ಕೊನೆಯ ಒತ್ತಿನಲ್ಲಿ ಮೊನೆಯು ಜಜ್ಜಿಹೋಯಿತು. ಅಜ್ಜನವರ ಅರೆಸವೆದ ಅಲಗು ಒಂದೇ ಒತ್ತಿಗೆ ‘ಟಕ್’ ಎಂದು ಕತ್ತರಿಸಿತು. ಶಾಲೆಗಳಿಗೆ ಟಾಕು ಬಂದಿತು, ಅದು ಹೋಗಿ ಬಾಲ್‌ಪೆನ್ನು ಬಂದಿತು. ನಾನು ಕಲಿಸಿದ ನೂರಾರು ಹುಡುಗರಲ್ಲಿ ತನ್ನ ಲೆಕ್ಕಣಿಕೆಯನ್ನು ತಾನೇ ಮಾಡಿಕೊಂಡವನು ಒಬ್ಬನೂ ಇಲ್ಲ. ಅವರಿಗೆ ಕಲಿಸದೆ ಹೋದವನು ನಾನೇ.

ಮೊಮ್ಮಗನಿಗೆ ಕೆಂಪು ಚಾಕುವನ್ನು ಕೊಟ್ಟೆನು. ವಿಮಾನದಲ್ಲಿ ಕೈಚೀಲದೊಳಗೆ ಇಡಬೇಡವೆಂದೂ ಹೇಳಿದೆನು. ಅವನು ಇನ್ನೊಂದರ ಕಡೆಗೆ ನೋಡಿದನು. ಅದನ್ನು ಬರುವ ರಜೆಗೆ, ಬೋರು ಹೆರೆಯುವದನ್ನು ಕಲಿತ ಮೇಲೆ, ಎಂದೆನು. ಹಳ್ಳದ ದಂಡೆಯಿಂದ ಹತ್ತು ಕಡ್ಡಿಗಳನ್ನು ತರಿಸಿ ನೆರಳಿನಲ್ಲಿ ಒಣಗಹಾಕಿರುವೆನು.