ರಾಗಿಯ ಸಹನೆಯೂ ಹೆಬ್ಬಾಳದ ವ್ಯವಸಾಯಶಾಸ್ತ್ರವೂ

ಮೈಸೂರು ಸೀಮೆಯ ಬಯಲುನಾಡಿನ ಪ್ರಜೆಗಳಿಗೆ ರಾಗಿಯು ಬಹುಕಾಲದಿಂದ ಜೀವನಾಧಾರವಾದ ಧಾನ್ಯವು. ೧೮೭೬-೭೮ರ ಮಹಾಕ್ಷಾಮದಲ್ಲಿ ಈ ಸಂಸ್ಥಾನದ ಲಕ್ಷಾಂತರ ಜನರು ಅಸುನೀಗಿದರು. ಮಳೆ ತಪ್ಪಿದರೆ ಬದುಕೇ ತಪ್ಪುವುದೆಂಬುದನ್ನು ಆ ದುರ್ಭಿಕ್ಷವು ಎಲ್ಲರಿಗೂ ಮನಗಾಣಿಸಿತು. ೧೮೯೯ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ೩೦ ಎಕರೆ ನೆಲವನ್ನು ವ್ಯವಸಾಯ ಪ್ರಯೋಗಕ್ಕಾಗಿ ದಯಪಾಲಿಸಿದರು. ಕೋಲ್ಮನ್ ಸಾಹೇಬರ ಕಾಲದಲ್ಲಿ, ೧೯೧೮ರಲ್ಲಿ, ಎಚ್-೨೨ ಎಂಬ ರಾಗಿಯ ತಳಿಯು ರೈತರ ಕೈಸೇರಿತು. ಮುಂದೆ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾ ಖಂಡದ ರಾಗಿಯನ್ನೂ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು.

ಇವರೆಲ್ಲರೂ ತೆನೆಯನ್ನು ನೋಡಿ ಬೀಜವನ್ನು ಆರಿಸಿದವರು. ನೀರಿಲ್ಲದಾಗ ಪೈರಿನ ಒಳಗೆ ನಡೆಯುವ ವ್ಯಾಪಾರವು ಅವರಿಗೆ ಕಾಣುವಂತಿರಲಿಲ್ಲ. ಅದನ್ನು ಕಾಣುವ ದಾರಿಯೊಂದು ೧೯೭೭ರಲ್ಲಿ ತೆರೆಯಿತು. ಜೀನಿನಿಂದ ಪ್ರತಿಯಾಗಿ ಇಳಿದ ಆರ್‌ಎನ್‌ಎ ಇದ್ದಂತೆಯೇ ಬಳಕೆಗೆ ಬಾರದೆಂದೂ, ಅದರ ನಡುನಡುವಣ ಭಾಗಗಳು ಕತ್ತರಿಸಲ್ಪಟ್ಟು ಉಳಿದವು ಜೋಡಣೆಯಾಗುವುವೆಂದೂ ಶಾರ್ಪ್ ಮತ್ತು ರಾಬರ್ಟ್ಸ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಕಂಡುಹಿಡಿದರು. ಇದಕ್ಕಾಗಿ ೧೯೯೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ವ್ಯಾಕರಣಪ್ರಕ್ರಿಯೆಯಲ್ಲಿ ಅನುಬಂಧಗಳು ಲೋಪವಾದ ಮೇಲೆಯೇ ಪದವು ಸಿದ್ಧವಾಗುವುದನ್ನು ಬಲ್ಲವರಿಗೆ ಈ ಕ್ರಮವು ದುರ್ಗ್ರಾಹ್ಯವಲ್ಲ.

ವಿಶೇಷವೇನೆಂದರೆ, ಒಂದೇ ಪ್ರತಿಯನ್ನು ಸಸ್ಯವು ಕಾಲಾನುಗುಣವಾಗಿ ಬೇರೆ ಬೇರೆ ವಿಧವಾಗಿ ಕತ್ತರಿಸಬಲ್ಲದು. ಬತ್ತದಲ್ಲಿ ‘ಡ್ರೆಬ್-೨ಬಿ’ ಎಂಬ ಜೀನೊಂದಿದೆ. ಸುಖಕಾಲದಲ್ಲಿ ಅದರ ಪ್ರತಿಯೊಳಗೆ ಒಂದು ತುಣುಕು ಹೆಚ್ಚಾಗಿ ಉಳಿದುಕೊಳ್ಳುವುದರಿಂದ ಅದು ನಿರರ್ಥಕವಾಗುವುದು. ಬರವೋ ಬೇಗೆಯೋ ತಟ್ಟಿದೊಡನೆ ಆ ತುಣುಕಿಲ್ಲದ ಪ್ರತಿಗಳು ಅಧಿಕವಾಗುವುವು; ಅವುಗಳಿಂದ ಹುಟ್ಟಿದ ಪ್ರೋಟೀನು ಸಂರಕ್ಷಕವಾದ ಇತರ ಜೀನುಗಳನ್ನು ಎಚ್ಚರಿಸುವುದು. ಆಪತ್ತಿಗೆ ಹೊಸ ಗ್ರಂಥವು ಬೇಕಿಲ್ಲ. ಇದ್ದ ಗ್ರಂಥದ ಪಾಠಭೇದವೇ ಸಾಕು.

೨೦೧೭ರಲ್ಲಿ ಇದೇ ಕೃಷಿ ವಿಶ್ವವಿದ್ಯಾನಿಲಯದವರು ಇತರ ವಿದ್ವಾಂಸರೊಡಗೂಡಿ, ಬರವನ್ನು ತಾಳಬಲ್ಲ ‘ಎಂಎಲ್-೩೬೫’ ಎಂಬ ರಾಗಿಯ ಜೀನುಸಮುದಾಯವನ್ನು ಓದಿ ಪ್ರಕಟಿಸಿದರು. ಅದರಲ್ಲಿ ೮೫,೨೪೩ ಜೀನುಗಳನ್ನು ಎಣಿಸಿದರು. ತೇವವು ಕಡಮೆಯಾದಾಗ ಆ ಜೀನುಗಳ ಆರ್‌ಎನ್‌ಎ ಹೇಗೆ ಮಾರ್ಪಡುವುದೆಂಬುದನ್ನೂ ಅಲ್ಲಿ ಪರೀಕ್ಷಿಸಿದರು.

ಹೆಬ್ಬಾಳ, ಯಲಹಂಕಗಳ ಸುತ್ತಣ ಹೊಲಗಳಲ್ಲಿ ಬಹುಭಾಗವು ಇಂದು ಬಡಾವಣೆಗಳಾಗಿದೆ. ಆದರೆ ಮಳೆಯೊಂದನ್ನೇ ನಂಬಿ ಬಿತ್ತುವ ಒಕ್ಕಲಿನ ಅಳಲು ನೂರೈವತ್ತು ವರ್ಷಗಳ ಹಿಂದಿನದೇ ಆಗಿದೆ. ಜೀನುಗಳನ್ನು ಓದುವ ಈ ವಿದ್ಯೆಯು ಅವನ ಕೂರಿಗೆಯವರೆಗೆ ತಲಪಿ, ಮಳೆ ಕೈಕೊಟ್ಟ ವರ್ಷವೂ ಅವನ ಮನೆಯಲ್ಲಿ ಮುದ್ದೆಯು ಬೆಂದರೆ, ಹೆಬ್ಬಾಳದ ಆ ೩೦ ಎಕರೆಯ ದಾನವು ಸಾರ್ಥಕವಾದಂತೆ.