ಕುಸುಮರೋಗವೂ ಪರರ ರಕ್ತವೂ

ಗಾಯವಾದರೆ ರಕ್ತ ಹೆಪ್ಪುಗಟ್ಟಬೇಕು, ಅದು ದೇಹಧರ್ಮ. ಹುಟ್ಟಿನಿಂದಲೇ ಆ ಶಕ್ತಿ ಕುಂದಿರುವ ಬೇನೆಗೆ ಹಿಮೋಫಿಲಿಯಾ ಎಂದು ಹೆಸರು. ಕನ್ನಡದಲ್ಲಿ ಕುಸುಮರೋಗವೆನ್ನುವುದೂ ಉಂಟು. ಬಹುಮಟ್ಟಿಗೆ ಗಂಡುಮಕ್ಕಳ ಬೇನೆ. ದೊಡ್ಡಬೆಳವಂಗಲದಂಥ ಊರಿನಲ್ಲಿ ಅಂಥ ಹುಡುಗನ ಮಂಡಿ ಊದಿಕೊಂಡರೆ ದೊಡ್ಡಬಳ್ಳಾಪುರ ಹಾದು ಬೆಂಗಳೂರಿಗೇ ಓಡಬೇಕಾಗಿದ್ದ ಕಾಲವೊಂದಿತ್ತು. ಅಲ್ಲಿ ದೊರೆಯುತ್ತಿದ್ದ ಮದ್ದು ಪರರ ರಕ್ತ. ಅದರೊಡನೆ ಇನ್ನೇನು ಬರುತ್ತಿತ್ತೆಂಬುದೇ ಪ್ರಸ್ತುತ ವಿಷಯ.

1964ರಲ್ಲಿ ಅಮೆರಿಕದ ಜುಡಿತ್ ಪೂಲ್ ಎಂಬ ವಿಜ್ಞಾನಿ, ಮಂಜುಗಟ್ಟಿಸಿದ ಪ್ಲಾಸ್ಮಾವನ್ನು ತಂಪಿನಲ್ಲೇ ಮೆಲ್ಲಗೆ ಕರಗಿಸಿದರೆ ತಳದ ಗಸಿಯಲ್ಲಿ ಹೆಪ್ಪುಗಟ್ಟಿಸುವ ಎಂಟನೆಯ ಅಂಶ ಧಾರಾಳವಾಗಿರುವುದೆಂದು ಕಂಡುಕೊಂಡರು. ಇದೇ ಕ್ರಯೋಪ್ರೆಸಿಪಿಟೇಟ್, ಒಂದು ಚೀಲಕ್ಕೆ ಒಬ್ಬನೇ ದಾನಿ. ಅನಂತರ ಬಂದ ಫ್ಯಾಕ್ಟರ್ ಪುಡಿಯನ್ನು ಮನೆಯಲ್ಲೇ ಇಟ್ಟುಕೊಂಡು ಚುಚ್ಚಿಕೊಳ್ಳಬಹುದಾಗಿತ್ತು. ಆದರೆ ಅದಕ್ಕಾಗಿ ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟಿಗೆ ಬೆರೆಸುತ್ತಿದ್ದರು. ಹಂಡೆ ಹಾಲಿಗೆ ತೊಟ್ಟು ಹುಳಿ ಬಿದ್ದರೆ ಏನಾಗುವುದೆಂದು ಗೃಹಿಣಿಯರಿಗೆ ಹೇಳಬೇಕಾಗಿಲ್ಲವಷ್ಟೆ!

ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಮೊದಲೇ ಇತ್ತು. 1982ರ ಜುಲೈನಲ್ಲಿ ಅಮೆರಿಕದ ಮೂವರು ಕುಸುಮರೋಗಿಗಳಲ್ಲಿ ಏಡ್ಸ್ ಲಕ್ಷಣಗಳು ವರದಿಯಾದುವು. ಮುಂದೆ ಸಾವಿರಾರು ಮಂದಿ ಬಲಿಯಾದರು. ಆಗ ಪುಡಿಯನ್ನು ಕಾಯಿಸುವ ಕ್ರಮ ಬಂತು. ದ್ರಾವಕ, ಮಾರ್ಜಕಗಳಿಂದ ವೈರಸ್ಸಿನ ಜಿಡ್ಡಿನ ಹೊದಿಕೆಯನ್ನು ಕರಗಿಸುವ ವಿಧಾನವೂ ಬಂತು. ಹೊದಿಕೆ ಹೋದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರೂ ನಿಷ್ಕ್ರಿಯ. ಹೊದಿಕೆಯೇ ಇಲ್ಲದ ಹೆಪಟೈಟಿಸ್ ಎ ಮಾತ್ರ ಇದಕ್ಕೆ ಬಗ್ಗದು.

ನಮ್ಮ ನಾಡಿನ ಕಷ್ಟ ಬೇರೆ. ದುಬಾರಿ ಪುಡಿ ಎಷ್ಟು ಮನೆಗಳಿಗೆ ಎಟುಕೀತು? ಹೆಚ್ಚಿನವರಿಗೆ ಪ್ಲಾಸ್ಮಾ, ಕ್ರಯೋಗಳೇ ಗತಿ. ಕಾಯಿಸದ ಆ ಚೀಲಗಳಿಗೆ ದಾನಿಯ ಪರೀಕ್ಷೆಯೊಂದೇ ಕಾವಲು. 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಡಾ. ನಿರ್ಮಲಾ ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಮಾಡಿದರು. 1989ರಲ್ಲಿ ದಾನರಕ್ತಕ್ಕೆ ಆ ಪರೀಕ್ಷೆ ಕಡ್ಡಾಯವಾಯಿತು. ಹಣಕ್ಕೆ ರಕ್ತ ಮಾರುವವರ ದಂಧೆ ಮಾತ್ರ ನಡೆದೇ ಇತ್ತು. 1996ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 1998ರ ಜನವರಿ 1ರಿಂದ ಅದು ನಿಷೇಧವಾಯಿತು. ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಎಚ್‌ಐವಿ ಪರೀಕ್ಷೆಗಿಂತ ಹನ್ನೆರಡು ವರ್ಷ ತಡ! ತಡಕ್ಕೆ ಬೆಲೆ ತೆತ್ತವರು ಪದೇಪದೇ ರಕ್ತ ಪಡೆಯಬೇಕಾದವರು.

ಕರ್ನಾಟಕದಲ್ಲಿ ದಾವಣಗೆರೆಯ ಡಾ. ಸುರೇಶ್ ಹನಗವಾಡಿ, ಸ್ವತಃ ಕುಸುಮರೋಗದೊಡನೆ ಬೆಳೆದು ರೋಗನಿದಾನ ಶಾಸ್ತ್ರದ ವೈದ್ಯರಾದವರು, ಹಿಮೋಫಿಲಿಯಾ ಸೊಸೈಟಿಯ ಮೂಲಕ ಇಂಥ ರೋಗಿಗಳನ್ನು ಒಗ್ಗೂಡಿಸಿದರು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಮದ್ದು ಉಚಿತವಾಗಿ ದೊರೆಯುತ್ತದೆ.

ಹೆಪಟೈಟಿಸ್ ಬಿಗೆ ಲಸಿಕೆಯುಂಟು, ಸಿಗೆ ಇಲ್ಲ. ಇಂಥ ಕೂಸಿಗೆ ಲಸಿಕೆ ಹಾಕಿಸುವಾಗ ಬೇನೆಯ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ. ಸೂಜಿ ಆದಷ್ಟು ಸಣ್ಣದಿರಲಿ. ಚುಚ್ಚಿದೆಡೆಯನ್ನು ಐದು ನಿಮಿಷವಾದರೂ ಉಜ್ಜದೆ ಒತ್ತಿ ಹಿಡಿಯಿರಿ.