ರಾತ್ರಿಗಾಗಿ ಕಾಯದ ಗಾಂಜಾ ಗಿಡ

ಸಿದ್ದಾಪುರದ ಸುತ್ತಲಿನ ಕಾಫಿ ಬೆಳೆಗಾರರಿಗೆ ಹೂವಿಗಾಗಿ ಕಾಯುವುದು ಹೊಸತಲ್ಲ. ಬೇಸಿಗೆಯಲ್ಲಿ ಹೂಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಕೈಕೊಟ್ಟರೆ ಆ ವರ್ಷದ ಫಸಲೂ ಕೈಕೊಟ್ಟಂತೆ. ಗಾಂಜಾ ಗಿಡವೂ ಇಂಥದೇ ಒಂದು ಸನ್ನೆಗಾಗಿ ಕಾಯುತ್ತದೆ. ಅದಕ್ಕೆ ಬೇಕಾದುದು ಮಳೆಯಲ್ಲ, ಉದ್ದನೆಯ ರಾತ್ರಿ.

ಈ ಗುಟ್ಟನ್ನು ಬಿಡಿಸಹೊರಟವರಲ್ಲಿ ಮೊದಲಿಗ ಫ್ರಾನ್ಸಿನ ಜೂಲಿಯನ್ ತೂರ್ನ್ವಾ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬಿತ್ತಿದ ಸೆಣಬಿನ ಜಾತಿಯ ಈ ಗಿಡ ಎಳೆಯದಿರುವಾಗಲೇ ಹೂಬಿಟ್ಟದ್ದು ಅವನನ್ನು ಅಚ್ಚರಿಗೊಳಿಸಿತು. ಪ್ರಯೋಗಗಳನ್ನು ನಡೆಸಿ, ಹಗಲು ಕುಗ್ಗುವುದಕ್ಕಿಂತ ರಾತ್ರಿ ಹಿಗ್ಗುವುದೇ ಇದಕ್ಕೆ ಕಾರಣವೆಂದು ಹೇಳಿದ. ಮೊದಲ ಮಹಾಯುದ್ಧ ಅವನನ್ನು ಬಲಿ ತೆಗೆದುಕೊಂಡಿತು. ಈ ಶೋಧದ ಕೀರ್ತಿಯೆಲ್ಲ 1920ರಲ್ಲಿ ತಂಬಾಕಿನ ಮೇಲೆ ದುಡಿದ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಅವರಿಗೆ ಸಂದಿತು.

ರಾತ್ರಿಯ ಲೆಕ್ಕವನ್ನೇ ಇಡದ ಗಾಂಜಾ ಬಳಗವೂ ಒಂದಿದೆ. ರಷ್ಯದ ಸಸ್ಯಶಾಸ್ತ್ರಜ್ಞ ಯನಿಶೆವ್‌ಸ್ಕಿ 1924ರಲ್ಲಿ ಅದಕ್ಕೆ 'ರೂಡರಾಲಿಸ್' ಎಂದು ಹೆಸರಿಟ್ಟ. ಉತ್ತರದ ಆ ಸೀಮೆಯಲ್ಲಿ ರಾತ್ರಿ ಉದ್ದವಾಗಲೆಂದು ಕಾದು ಕುಳಿತರೆ ಬೀಜ ಕಟ್ಟುವ ಮೊದಲೇ ಹಿಮ ಬೀಳುತ್ತದೆ. ಹೀಗಾಗಿ ಈ ಕುಳ್ಳು ಗಿಡ ಕೆಲವು ವಾರಗಳ ಪ್ರಾಯಕ್ಕೆ ತಾನಾಗಿಯೇ ಹೂಬಿಡುತ್ತದೆ. ಈ ಗುಣವನ್ನು ಬೇರೆ ತಳಿಗಳಿಗೆ ಬೆರೆಸಿದ್ದರಿಂದಲೇ ಪಶ್ಚಿಮ ದೇಶಗಳ ಮನೆ ಕುಂಡಗಳಲ್ಲಿ ಇಂದು ಹೆಸರಾಗಿರುವ 'ಆಟೊಫ್ಲವರಿಂಗ್' ಗಿಡಗಳು ಹುಟ್ಟಿದವು. ಮಾಸ್ಕೋದಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರಿಯ ಹಗಲಿಗೂ ಹತ್ತು ಗಂಟೆಗೂ ಮೀರಿದ ಅಂತರವಿದೆ. ಕೊಡಗಿನಲ್ಲಿ ಅದು ಸುಮಾರು ಒಂದೂವರೆ ಗಂಟೆ. ಹಿಮದ ಭಯವೂ ಇಲ್ಲಿಲ್ಲ. ಅವಸರದ ಹೂವು ನಮ್ಮ ನೆಲಕ್ಕೆ ಬೇಕಾಗಿದ್ದ ವರವೇನಲ್ಲ.

ನಮ್ಮಲ್ಲಿ ಗಿಡದ ಪರಿಚಯ ಹಳೆಯದು. 'ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ' ಎಂಬ ಗಾದೆಯೇ ಅದನ್ನು ಹೇಳುತ್ತದೆ. ಕೃಷ್ಣಾ ತೀರದ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿಯೇ ಭಕ್ತರ ಕೈ ಸೇರುತ್ತಿತ್ತು. ಬ್ರಿಟಿಷ್ ಸರ್ಕಾರ 1893ರಲ್ಲಿ ಆಯೋಗವೊಂದನ್ನು ನೇಮಿಸಿ ಈ ಗಿಡದ ಜಾತಕ ನೋಡಿಸಿತು. ಕೊಡಗೂ ಅದರ ವ್ಯಾಪ್ತಿಯಲ್ಲಿತ್ತು. 1,193 ಸಾಕ್ಷಿಗಳನ್ನು ಕೇಳಿದ ಆಯೋಗ 1894ರಲ್ಲಿ ಕೊಟ್ಟ ಸಲಹೆ: ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಗಳಿಂದ ಹತೋಟಿಯಲ್ಲಿಡಿ. ಬಂಗಾಳದ ಗಾಂಜಾ ಹೊಲಗಳಲ್ಲಿ ಗಂಡು ಗಿಡಗಳನ್ನು ಗುರುತಿಸಿ ಕೀಳುವುದನ್ನೇ ಕಸುಬಾಗಿಸಿಕೊಂಡ 'ಪೊದ್ದಾರ'ರೆಂಬ ನಿಪುಣರ ಸಂಗತಿಯೂ ಅದರ ವರದಿಯಲ್ಲಿದೆ.

ಚಿತ್ರ ಬದಲಾದದ್ದು 1985ರ ಮಾದಕ ವಸ್ತು ಕಾಯ್ದೆಯಿಂದ. ಅದರ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಂದ ಬೇರ್ಪಟ್ಟ ಎಲೆ, ಬೀಜಗಳು ಗಾಂಜಾ ಅಲ್ಲ. ಆದರೆ ಬೇಸಾಯದ ಮಾತು ಬಂದಾಗ ಕಾಯ್ದೆ ಹೂವನ್ನು ಕೇಳುವುದೇ ಇಲ್ಲ. ಈ ಕುಲದ ಯಾವುದೇ ಗಿಡವಾದರೂ ಸರಿ, ಮೊಗ್ಗಿರಲಿ ಬಿಡಲಿ, ಪರವಾನಗಿಯಿಲ್ಲದೆ ಬೆಳೆಸಿದವನಿಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಅದೇ ಒಂದು ಕಿಲೊವರೆಗಿನ ಒಣ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ ಗರಿಷ್ಠ ಶಿಕ್ಷೆ ಒಂದು ವರ್ಷ. ಬೇಗ ಹೂಬಿಡುವ ಗಿಡವನ್ನು ಕುಂಡದಲ್ಲಿಟ್ಟವನಿಗೂ, ಕಾಫಿ ಗಿಡಗಳ ನಡುವೆ ಬೀಜ ಉದುರಿಸಿದವನಿಗೂ ಲೆಕ್ಕ ಒಂದೇ: ಅದು ಮೊಳಕೆಯೊಡೆದ ದಿನದಿಂದಲೇ ಶುರುವಾಗುತ್ತದೆ.